ಗುಡವಿಯ ಮಳೆಯೂ ಮೋಟಾರು ಸೈಕಲ್ಲಿನ ಕಿಡಿಯೂ

ಸೊರಬದಿಂದ ಸುಮಾರು ಹದಿನಾರು ಕಿಲೋಮೀಟರು ದೂರದ ಗುಡವಿಯ ಕೆರೆಗೆ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಲು ಬರುವ ಋತುವೇ ಮಲೆನಾಡಿನಲ್ಲಿ ಎಂಜಿನ್ನುಗಳ ಕಿಡಿ ಕೆಡುವ ಋತುವೂ ಆಗಿರುವುದರಿಂದ, ಜೂನ್ ಮೊದಲಾಗಿ ಆ ಪಕ್ಷಿಧಾಮವನ್ನು ನೋಡಲು ದೂರದ ನಗರಗಳಿಂದ ಸ್ಪೋರ್ಟ್ಸ್ ಬೈಕುಗಳನ್ನೇರಿ ಬರುವ ತರುಣರಲ್ಲಿ ಒಬ್ಬಿಬ್ಬರಾದರೂ ದಾರಿಯ ಮಗ್ಗುಲಲ್ಲಿ ನಿಂತು, ಎಚ್ಚರ ತಪ್ಪಿದ ಯಂತ್ರವನ್ನು ಮತ್ತೆ ಎಬ್ಬಿಸಲು ಹೆಣಗುತ್ತಿರುವುದು ಅಪೂರ್ವ ದೃಶ್ಯವೇನಲ್ಲ. ಕರೆಸಿದ ಮೆಕ್ಯಾನಿಕ್ಕು "ಮಿಸ್ ಹೊಡೀತಿದೆ, ಕರೆಂಟು ಸರಿಯಾಗಿ ಬರ್ತಿಲ್ಲ" ಎನ್ನುವನು. ಅದು ನಿಜವೂ ಹೌದು. ಆದರೆ ಆಮೇಲೆ ನಡೆಯುವ ಚಿಕಿತ್ಸೆ ಬಹುಮಟ್ಟಿಗೆ ಊಹೆಯದು: ಮೊದಲು ಪ್ಲಗ್ಗು, ಅನಂತರ ಕಾಯಿಲು, ಕೊನೆಗೆ ಎಲ್ಲಕ್ಕಿಂತ ದುಬಾರಿಯಾದ ನಿಯಂತ್ರಕ ಪೆಟ್ಟಿಗೆ, ಹೀಗೆ ಒಂದೊಂದಾಗಿ ಬದಲಾಗುತ್ತ ಹೋಗಿ, ರೋಗ ಮಾತ್ರ ಇದ್ದಲ್ಲೇ ಉಳಿಯುತ್ತದೆ. ದೋಷ ಎಲ್ಲಿದೆಯೆಂದು ಕೀಲುಗಳನ್ನು ಬಿಚ್ಚುವುದಕ್ಕೆ ಮುಂಚೆ ಅದು ಯಾವಾಗ ತಲೆದೋರುತ್ತದೆ ಎಂದು ವಿಚಾರಿಸಿದರೆ, ಅರ್ಧ ನಿದಾನ ಅಲ್ಲಿಯೇ ಆಗಿಹೋಗುತ್ತದೆ.

ಈ ಮಾತು ಏಕೆ ಸಲ್ಲುತ್ತದೆಂಬುದನ್ನು ತಿಳಿಯಲು ಕಿಡಿಯ ಜನ್ಮವೃತ್ತಾಂತವನ್ನು ಕೊಂಚ ನೋಡಬೇಕು. ಬ್ಯಾಟರಿಯಲ್ಲಿರುವುದು 12 ವೋಲ್ಟು. ಸಿಲಿಂಡರಿನೊಳಗೆ ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿ ಸಾಂದ್ರವಾದ ಗಾಳಿ-ಪೆಟ್ರೋಲುಗಳ ಮಿಶ್ರಣದ ನಡುವೆ, ಮಿಲಿಮೀಟರಿನ ಮುಕ್ಕಾಲು ಪಾಲಿನಷ್ಟಿರುವ ಪ್ಲಗ್ಗಿನ ಸಂದನ್ನು ಹಾರಲು ಬೇಕಾದದ್ದು ಹತ್ತರಿಂದ ಇಪ್ಪತ್ತು ಸಾವಿರ ವೋಲ್ಟು. ಈ ಅಂತರವನ್ನು ತುಂಬುವುದು, 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಪ್ರೇರಣೆಯ ತತ್ತ್ವ. ದಪ್ಪ ತಂತಿಯ ಕೆಲವೇ ಸುತ್ತುಗಳುಳ್ಳ ಸುರುಳಿಯಲ್ಲಿ ಪ್ರವಾಹ ಹರಿಸಿ, ಅದನ್ನು ಥಟ್ಟನೆ ಕಡಿದರೆ, ಕುಸಿಯುವ ಅಯಸ್ಕಾಂತ ಕ್ಷೇತ್ರವು ಪಕ್ಕದ ಸಹಸ್ರಾರು ಸುತ್ತುಗಳ ಸಣ್ಣ ತಂತಿಯ ಸುರುಳಿಯಲ್ಲಿ ಆ ಮಹಾ ವೋಲ್ಟೇಜನ್ನು ಹುಟ್ಟಿಸುತ್ತದೆ. ಕಡಿಯುವ ಕ್ಷಣ ನಿಖರವಾಗಿರಬೇಕು, ಕಡಿತ ಚೊಕ್ಕವಾಗಿರಬೇಕು. ಮಿಕ್ಕದ್ದನ್ನೆಲ್ಲ ಪ್ರಕೃತಿಯೇ ನೋಡಿಕೊಳ್ಳುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಮೊದಲ್ಗೊಂಡು ಹೊರಬಂದ ಜಾವಾ, ಹಾಗೂ 1973ರಿಂದ ಯೆಜ್ಡಿ ಎಂಬ ಹೆಸರು ಹೊತ್ತ ಮೋಟಾರು ಸೈಕಲ್ಲುಗಳ ಕಾಲದಲ್ಲಿ ಈ ಕಡಿತವನ್ನು ಮಾಡುತ್ತಿದ್ದುದು 'ಪಾಯಿಂಟು' ಎಂದು ಎಲ್ಲರೂ ಕರೆಯುತ್ತಿದ್ದ ಒಂದು ಜೊತೆ ಲೋಹದ ಗುಂಡಿಗಳು. ಅವು ಕಣ್ಣಿಗೆ ಕಾಣುವಂಥವು. ಸವೆದರೆ ಅರಕಾಗದದಿಂದ ತಿಕ್ಕಬಹುದಾಗಿತ್ತು, ಸಂದು ಹೆಚ್ಚಿದರೆ ತಿರುಪು ಸಡಿಲಿಸಿ ಸರಿಪಡಿಸಬಹುದಾಗಿತ್ತು. 1951ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಮೈಕೋ ಕಂಪೆನಿಯ ಪ್ಲಗ್ಗೊಂದನ್ನು ಜೇಬಿನಲ್ಲಿಟ್ಟುಕೊಂಡು ಹೊರಟ ಸವಾರನಿಗೆ ದಾರಿಯಲ್ಲಿ ಅಷ್ಟಾಗಿ ಭಯವಿರಲಿಲ್ಲ. 1996ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿತು. ಈಗಿನ ಯಂತ್ರಗಳಲ್ಲಿ ಪಾಯಿಂಟಿನ ಸ್ಥಾನವನ್ನು ಸೆನ್ಸಾರು ಮತ್ತು ಗಣಕಗಳು ಆಕ್ರಮಿಸಿವೆ. ಕನ್ನಡದ ಮಾತು ಇಂದಿಗೂ ಕೇಳಿಬರುವ ಗಡಿಯೂರಾದ ಹೊಸೂರಿನ ಟಿವಿಎಸ್ ಕಾರ್ಖಾನೆಯಿಂದ 2017ರ ಡಿಸೆಂಬರಿನಲ್ಲಿ ಹೊರಬಂದ ಅಪಾಚೆ ಆರ್‌ಆರ್ 310ನ್ನೇ ನೋಡಿ: ಆ ಮೊದಲ ಮಾದರಿಯ ಒಂಟಿ ಸಿಲಿಂಡರು ನಿಮಿಷಕ್ಕೆ 9,700 ಸುತ್ತುಗಳ ವೇಗದಲ್ಲಿ 34 ಅಶ್ವಶಕ್ತಿಯನ್ನು ಕೊಡುತ್ತದೆ. ಎರಡು ಸುತ್ತಿಗೊಮ್ಮೆ ದಹನ ನಡೆಯುವ ನಾಲ್ಕು ಹೊಡೆತದ ಎಂಜಿನ್ನಾದುದರಿಂದ, ಆಗ ಸೆಕೆಂಡೊಂದಕ್ಕೆ ಎಂಬತ್ತೊಂದು ಸಲ ತಪ್ಪದೆ ದಹನದ ಕಿಡಿ ಹಾರಬೇಕು. ಅಂಥದರಲ್ಲಿ ಹತ್ತಕ್ಕೊಂದು ತಪ್ಪಿದರೂ ಸವಾರನಿಗೆ ಗಾಡಿ ಮುಗ್ಗರಿಸಿದಂತಾಗುವುದು ಸಹಜ.

ಮಳೆ ಬಂದಾಗ ಮಾತ್ರ ಕೆಡುವ ಗಾಡಿಯನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಗುಡವಿಯ ಸೀಮೆಯಲ್ಲಿ ಅದೇ ಬಹುಸಂಖ್ಯಾತ. ಇಪ್ಪತ್ತು ಸಾವಿರ ವೋಲ್ಟಿಗೆ ಪ್ಲಗ್ಗಿನ ಸಂದೊಂದೇ ದಾರಿಯಲ್ಲ. ಪ್ಲಗ್ಗಿನ ಟೋಪಿಯೊಳಗೆ ತೇವವೂ ಧೂಳೂ ಸೇರಿದ ಪದರವೊಂದಿದ್ದರೆ, ಕಿಡಿಯು ಆ ಪದರದ ಮೇಲೆಯೇ ತೆವಳಿ ಎಂಜಿನ್ನಿನ ಮೈಗೆ ಇಳಿದುಬಿಡುತ್ತದೆ. ಒಮ್ಮೆ ಹೀಗೆ ನಡೆದ ದಾರಿಯಲ್ಲಿ ಕರಿಯ ಇಂಗಾಲದ ಗೆರೆ ಉಳಿಯುವುದರಿಂದ, ಬಿಸಿಲು ಬಂದ ಮೇಲೂ ರೋಗ ಮರುಕಳಿಸುವುದುಂಟು. ಕತ್ತಲೆಯಲ್ಲಿ ಎಂಜಿನ್ನು ಓಡಿಸಿ, ಟೋಪಿಯ ಸುತ್ತ ನೀರು ಚಿಮುಕಿಸಿದರೆ ನೀಲಿಯ ಮಿಣುಕು ಕಾಣಿಸಿಕೊಂಡು ಕಳ್ಳನನ್ನು ಹಿಡಿದುಕೊಡುತ್ತದೆ. ಪ್ಲಗ್ಗು ಆಳವಾದ ಗುಳಿಯೊಳಗೆ ಕುಳಿತಿರುವ ಎಂಜಿನ್ನುಗಳಲ್ಲಿ ಇನ್ನೊಂದು ಸೂಕ್ಷ್ಮವುಂಟು: ಗುಳಿಗೆ ಬಿದ್ದ ನೀರು ಹರಿದುಹೋಗಲೆಂದು ಪಕ್ಕದಲ್ಲೊಂದು ಸಣ್ಣ ರಂಧ್ರವಿಟ್ಟಿರುತ್ತಾರೆ, ಸೊರಬದ ಕೆಂಪು ಕೆಸರು ಅದನ್ನು ಮುಚ್ಚಿದರೆ ಪ್ಲಗ್ಗು ಕೊಳದಲ್ಲಿ ನಿಂತಂತೆಯೇ ಸರಿ. ಒಂದು ತೆಳುವಾದ ತಂತಿಯಿಂದ ಆ ರಂಧ್ರವನ್ನು ಬಿಡಿಸುವುದಕ್ಕೆ ಕಾಸು ಖರ್ಚಿಲ್ಲ. ಗಾಡಿಯನ್ನು ಚೊಕ್ಕ ಮಾಡುವ ಉತ್ಸಾಹದಲ್ಲಿ ಒತ್ತಡದ ನೀರನ್ನು ವೈರುಗಳ ಕೂಡಿಕೆಗಳ ಮೇಲೆ ನೇರವಾಗಿ ಬಿಡುವವರು ಮಳೆಯ ಮೇಲೆ ದೂರು ಹೊರಿಸದಿದ್ದರೆ ಒಳ್ಳೆಯದು. ಅಡಿಕೆಯ ಉಗ್ರಾಣದ ಪಕ್ಕದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಾದರೆ, ಇಲಿ ಕಡಿದ ವೈರನ್ನೂ ಹುಡುಕತಕ್ಕದ್ದು.

ಬಿಸಿಲಿರಲಿ ಮಳೆಯಿರಲಿ, ಆಗುಂಬೆಯ ಘಾಟಿಯಂಥ ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದಾಗ ಮಾತ್ರ ಮಿಸ್ ಹೊಡೆದು, ಸಮತಟ್ಟಿನಲ್ಲಿ ಸದ್ದಿಲ್ಲದೆ ಸಾಗುವ ಗಾಡಿಯದು ಬೇರೆ ಬಗೆಯ ಕಾಯಿಲೆ. 1889ರಲ್ಲಿ ಜರ್ಮನಿಯ ಪಾಶೆನ್ ಪ್ರಕಟಿಸಿದ ನಿಯಮದಂತೆ, ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ಸಂದಿನ ಅಗಲಗಳ ಗುಣಲಬ್ಧವನ್ನು ಅವಲಂಬಿಸಿದೆ. ಎಂಜಿನ್ನಿನ ಒತ್ತಡಗಳಲ್ಲಿ ಈ ಗುಣಲಬ್ಧ ಏರಿದಂತೆ ವೋಲ್ಟೇಜೂ ಏರುತ್ತದೆ. ಪೂರ್ಣ ಭಾರದಲ್ಲಿ ಸಿಲಿಂಡರು ಹೊಟ್ಟೆತುಂಬ ಗಾಳಿ ಎಳೆದುಕೊಳ್ಳುವುದರಿಂದ ಒತ್ತಡ ಹೆಚ್ಚುತ್ತದೆ. ಸವೆದ ಪ್ಲಗ್ಗಿನ ಸಂದೂ ಅಗಲವಾಗಿದ್ದರೆ, ಕ್ಷೀಣಿಸಿದ ಕಾಯಿಲಿಗೆ ಆ ಎತ್ತರ ಎಟುಕದು. ಪ್ಲಗ್ಗನ್ನು ಬಿಚ್ಚಿ, ಎಂಜಿನ್ನಿನ ಮೈಗೆ ತಾಗಿಸಿ, ನೀಲಿ ಕಿಡಿ ಕಂಡೊಡನೆ "ಕರೆಂಟು ಚೆನ್ನಾಗಿದೆ" ಎಂದು ತೀರ್ಪು ಕೊಡುವ ಹಳೆಯ ಪದ್ಧತಿಯ ದೌರ್ಬಲ್ಯ ಇಲ್ಲಿಯೇ ಇದೆ: ಬಯಲ ಗಾಳಿಯಲ್ಲಿ ಹಾರಿದ ಕಿಡಿ ಒತ್ತಡದಲ್ಲಿಯೂ ಹಾರೀತೆಂಬುದಕ್ಕೆ ಅದು ಸಾಕ್ಷಿಯಾಗದು. ಮೇಲಾಗಿ, ಪ್ಲಗ್ಗು ಮೈಗೆ ಸರಿಯಾಗಿ ತಾಗದಿದ್ದರೆ ಈಗಿನ ಗಾಡಿಗಳ ನಿಯಂತ್ರಕಕ್ಕೇ ಪೆಟ್ಟು ಬೀಳುವ ಭಯವುಂಟು.

ಅರ್ಧ ಗಂಟೆ ಓಡಿದ ಮೇಲೆ ನಿಂತು, ತಣ್ಣಗಾದೊಡನೆ ಏನೂ ಆಗಿಲ್ಲವೆಂಬಂತೆ ಎದ್ದೇಳುವ ಎಂಜಿನ್ನಿನಲ್ಲಿ ಸಂಶಯ ಪಡಬೇಕಾದದ್ದು ಸುರುಳಿಗಳ ಮೇಲೆ. ಬಿಸಿಯೇರಿದಾಗ ಹಿಗ್ಗಿ, ಒಳಗೆ ಬಿರುಕು ಬಿಟ್ಟ ತಂತಿ ಅಗಲುತ್ತದೆ. ತಣಿದಾಗ ಮತ್ತೆ ಕೂಡುತ್ತದೆ. ತಣ್ಣಗಿರುವಾಗ ಮೀಟರಿನಲ್ಲಿ ಅಳೆದರೆ ಅದು ನಿರಪರಾಧಿಯಾಗಿಯೇ ತೋರುವುದರಿಂದ, ಬಿಸಿಯಿದ್ದಾಗಲೇ ಅಳೆಯಬೇಕು. ಆದರೆ ತಾಮ್ರದ ರೋಧ ಡಿಗ್ರಿಯೊಂದಕ್ಕೆ ಶೇಕಡಾ 0.4ರಷ್ಟು ಸಹಜವಾಗಿಯೇ ಏರುವುದೆಂಬುದನ್ನು ನೆನಪಿಟ್ಟುಕೊಂಡರೆ, 25ರಿಂದ 100 ಡಿಗ್ರಿಗೆ ಕಾದ ಸುರುಳಿಯಲ್ಲಿ ಶೇಕಡಾ 30ರಷ್ಟು ಹೆಚ್ಚಳ ಕಂಡು ಗಾಬರಿಯಾಗಬೇಕಾಗಿಲ್ಲ. ಕ್ರ್ಯಾಂಕಿನ ಸ್ಥಾನವನ್ನು ತಿಳಿಸುವ ಪಿಕಪ್ ಕಾಯಿಲಿಗೂ ಇದೇ ವಿಧಿ.

ಇನ್ನು ಕಿಡಿಯ ದೋಷವೇ ಅಲ್ಲದ, ಆದರೆ ಅದರ ವೇಷ ಹಾಕುವ ಒಂದು ಸಂಗತಿ ಉಳಿದಿದೆ. ಅದು ಎಂಜಿನ್ನಿನ ಸುತ್ತನ್ನೋ ಗಾಡಿಯ ವೇಗವನ್ನೋ ಹದ್ದಿನಲ್ಲಿಡುವ ಮಿತಿಗಾರನ ಕೆಲಸ. ಸುತ್ತಿನ ಮಿತಿಗಾರ ಎಂಜಿನ್ನನ್ನು ಕಾಯುತ್ತಾನೆ: ಸುತ್ತು ಅತಿಯಾದರೆ ಸ್ಪ್ರಿಂಗುಗಳು ವಾಲ್ವುಗಳನ್ನು ಸಕಾಲದಲ್ಲಿ ಮುಚ್ಚಲಾರವಾದುದರಿಂದ, ಇಂಧನವನ್ನೋ ಕಿಡಿಯನ್ನೋ ಅರೆಕ್ಷಣ ತಡೆಯುತ್ತಾನೆ. ನಿಂತಲ್ಲಿಯೇ ಆಕ್ಸಿಲರೇಟರು ತಿರುಗಿಸಿ ಆ ಮಿತಿಯನ್ನು ಮುಟ್ಟಿಸಿ, ಸೈಲೆನ್ಸರಿನಿಂದ ಪಟಾಕಿಯ ಸದ್ದು ಹೊರಡಿಸುವುದನ್ನು ಸಾಹಸವೆಂದು ಭಾವಿಸುವವರುಂಟು; ಮರಿ ಮಾಡುವ ಹಕ್ಕಿಗಳ ಕೆರೆಯ ಬಳಿ ಈ ವಿದ್ಯೆಯನ್ನು ಪ್ರದರ್ಶಿಸುವುದು ಅಸಭ್ಯತೆಯೆಂದೇ ನನ್ನ ಅಭಿಪ್ರಾಯ. ವೇಗದ ಮಿತಿಗಾರನಾದರೋ ಚಕ್ರದ ವೇಗವನ್ನು ನೋಡುತ್ತಾನೆ. ಮೇಲೆ ಹೇಳಿದ ಹೊಸೂರಿನ ಗಾಡಿಗೆ 2020ರಲ್ಲಿ ಸವಾರಿಯ ನಾಲ್ಕು ಕ್ರಮಗಳನ್ನು ಕೂಡಿಸಿದಾಗ, ಮಳೆಯ ಮತ್ತು ನಗರದ ಕ್ರಮಗಳಲ್ಲಿ ಶಕ್ತಿಯನ್ನು ಸುಮಾರು 26 ಅಶ್ವಶಕ್ತಿಗೂ ವೇಗವನ್ನು ಗಂಟೆಗೆ 125 ಕಿಲೋಮೀಟರಿಗೂ ತಗ್ಗಿಸಿದರು. ಮಳೆಯ ಕ್ರಮದಲ್ಲಿಟ್ಟದ್ದನ್ನು ಮರೆತು, ಹೆದ್ದಾರಿಯಲ್ಲಿ "ಗಾಡಿ ಎಳೆಯುತ್ತಿಲ್ಲ" ಎಂದು ಕೊರಗುವವನಿಗೆ ಬೇಕಾದದ್ದು ಹೊಸ ಪ್ಲಗ್ಗಲ್ಲ, ಹ್ಯಾಂಡಲಿನ ಗುಂಡಿಯ ಮೇಲೊಂದು ಬೆರಳು. ಆ ವೇಗವಾದರೂ ಅವನಿಗೆ ಏಕೆ ಬೇಕೆಂಬ ಪ್ರಶ್ನೆ ಬೇರೆ.

ಈ ಎರಡು ಮಿತಿಗಳನ್ನೂ ಕಿಡಿಯ ದೋಷದಿಂದ ಬೇರ್ಪಡಿಸುವ ಉಪಾಯ ಸರಳವಾದುದು. ಗೇರು ಯಾವುದೇ ಇರಲಿ, ಸುತ್ತಿನ ಮುಳ್ಳು ಒಂದೇ ಅಂಕಿಯನ್ನು ಮುಟ್ಟಿದಾಗ ತಡೆ ಬಂದರೆ, ಅದು ಸುತ್ತಿನ ಮಿತಿ. ಗೇರು ಬದಲಾದರೂ ರಸ್ತೆಯ ವೇಗ ಒಂದೇ ಆಗಿದ್ದಾಗ ತಡೆ ಬಂದರೆ, ವೇಗದ ಮಿತಿ. ಮಿತಿಗಾರನ ತಡೆಗೆ ಒಂದು ಲಯವಿದೆ, ಕಿಡಿಯ ದೋಷಕ್ಕೆ ಲಯವಿಲ್ಲ. ಆದರೆ ಸುತ್ತಿನ ಮಿತಿ ಅಕಾಲದಲ್ಲಿ ಎರಗುವುದೂ ಉಂಟು: ಕಿಡಿಯ ರೇಡಿಯೋ ಗದ್ದಲವನ್ನಡಗಿಸಲು ಒಳಗೆ ರೋಧಕವಿಟ್ಟು 'ಆರ್' ಅಕ್ಷರದಿಂದ ಗುರುತಿಸಿದ ಪ್ಲಗ್ಗಿನ ಜಾಗದಲ್ಲಿ, ರೋಧಕವಿಲ್ಲದ ಅಗ್ಗದ ಪ್ಲಗ್ಗನ್ನು ಹಾಕಿದರೆ, ಆ ಗದ್ದಲವನ್ನೇ ಸೆನ್ಸಾರಿನ ಸಂಕೇತವೆಂದು ಎಣಿಸಿ ಗಣಕವು ಇಲ್ಲದ ಸುತ್ತುಗಳನ್ನು ಲೆಕ್ಕ ಹಾಕಬಹುದು. ವೇಗದ ಸೆನ್ಸಾರು ಮೋಸ ಹೋಗುವ ಬಗೆ ಇನ್ನೂ ಸಾಮಾನ್ಯ. ಚಕ್ರದ ಬಳಿಯ ಹಲ್ಲಿನ ಉಂಗುರಕ್ಕೂ ಸೆನ್ಸಾರಿಗೂ ಇರುವ ಅಂತರ ಕೂದಲೆಳೆಯಷ್ಟು ಕಿರಿದಾದುದರಿಂದ, ಹಲ್ಲುಗಳ ನಡುವೆ ಒಣಗಿದ ಕೆಸರು, ಬ್ರೇಕಿನಿಂದ ಉದುರಿದ ಕಬ್ಬಿಣದ ಹುಡಿ, ಸವೆದ ಬೇರಿಂಗಿನ ಅಲುಗಾಟ, ಯಾವುದಾದರೂ ಸಾಕು; ವೇಗದ ಅಂಕಿ ನೆಗೆಯತೊಡಗುತ್ತದೆ, ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ. ಈ ಎರಡು ಲಕ್ಷಣಗಳು ಜೊತೆಯಾಗಿ ಕಂಡರೆ ಕಾಯಿಲನ್ನು ಮುಟ್ಟದೆ, ಇತ್ತೀಚೆಗೆ ಪಂಕ್ಚರು ಹಾಕಿಸಿದ್ದುಂಟೇ ಎಂದು ಸವಾರನನ್ನು ಕೇಳಿ, ಚಕ್ರವನ್ನು ಮರಳಿ ಕೂಡಿಸುವಾಗ ಸೆನ್ಸಾರಿನ ವೈರು ಚಿವುಟಿಕೊಂಡಿದೆಯೇ, ಉಂಗುರ ಬಾಗಿದೆಯೇ ಎಂದು ನೋಡುವುದರಿಂದ ಪರೀಕ್ಷೆಯನ್ನು ಆರಂಭಿಸಬೇಕು.