ಮೊಜಾರ್ಟನಿಗೆ ಸಾಲಿಯೇರಿ ವಿಷವಿಟ್ಟನೇ?

ಪ್ರಶ್ನೆ: ‘ಅಮೆಡಿಯಸ್’ ಸಿನಿಮಾ ನೋಡಿದೆ. ಮೊಜಾರ್ಟನ ಸಾವಿಗೆ ಸಾಲಿಯೇರಿಯೇ ಕಾರಣ ಎಂಬುದು ನಿಜವೇ?

ಉತ್ತರ: ನಿಜವಲ್ಲ. ಮೊಜಾರ್ಟ್ 1791ರ ಡಿಸೆಂಬರ್ 5ರಂದು ವಿಯೆನ್ನಾದಲ್ಲಿ 35ನೇ ವಯಸ್ಸಿಗೇ ತೀರಿಕೊಂಡ. ದಾಖಲೆಯಲ್ಲಿರುವ ಕಾರಣ ತೀವ್ರ ಜ್ವರ. ವಿಷದ ಗಾಳಿಮಾತು ಆಮೇಲೆ ಎದ್ದದ್ದು. 1830ರಲ್ಲಿ ಪುಷ್ಕಿನ್ ಬರೆದ ಕಿರುನಾಟಕದಿಂದ ಅದು ಬೇರುಬಿಟ್ಟಿತು. ಪೀಟರ್ ಶಾಫರ್ ಇಬ್ಬರ ಹಗೆತನದ ಎಳೆ ಹಿಡಿದು ನಾಟಕ ಬರೆದರು, ಮಿಲೋಸ್ ಫೋರ್ಮನ್ 1984ರಲ್ಲಿ ತೆರೆಗೆ ತಂದರು.

ಈ ಇಬ್ಬರು ಸಂಗೀತಗಾರರ ನಡುವೆ ಆಸ್ಥಾನದ ಪೈಪೋಟಿ ಇದ್ದದ್ದು ಹೌದು. ಆದರೆ ಅದೇ 1791ರ ಅಕ್ಟೋಬರಿನಲ್ಲಿ ಸಾಲಿಯೇರಿಯನ್ನು ‘ಮ್ಯಾಜಿಕ್ ಫ್ಲೂಟ್’ ಆಪೆರಾಕ್ಕೆ ಮೊಜಾರ್ಟನೇ ಕರೆದೊಯ್ದ. ಸಾಲಿಯೇರಿ ಅದನ್ನು ಮನಸಾರೆ ಮೆಚ್ಚಿದನೆಂದು ಹೆಂಡತಿಗೆ ಸಂತೋಷದಿಂದ ಪತ್ರ ಬರೆದ. ಮುಂದೆ ಮೊಜಾರ್ಟನ ಮಗನಿಗೆ ಪಾಠ ಹೇಳಿದವರಲ್ಲಿ ಸಾಲಿಯೇರಿಯೂ ಒಬ್ಬ.

ಸಿನಿಮಾದಲ್ಲಿ ಬರುವ ‘ರೆಕ್ವಿಯಂ’ ಅನ್ನು, ಅಂದರೆ ಸತ್ತವರಿಗಾಗಿನ ಪ್ರಾರ್ಥನಾ ಸಂಗೀತವನ್ನು, ಮೊಜಾರ್ಟನಿಂದ ಗುಟ್ಟಾಗಿ ಬರೆಸಿದವನೂ ಸಾಲಿಯೇರಿಯಲ್ಲ, ಕೌಂಟ್ ವಾಲ್ಸೆಗ್. ತೀರಿಕೊಂಡ ಹೆಂಡತಿಯ ನೆನಪಿಗೆ, ತನ್ನದೇ ಕೃತಿಯೆಂದು ನುಡಿಸುವ ಆಸೆ ಅವನದು.

ಹಾಗೆಂದು ಸಿನಿಮಾವನ್ನು ತಳ್ಳಿಹಾಕಬೇಡಿ. ಹಾಸಿಗೆ ಹಿಡಿದ ಮೊಜಾರ್ಟ್ ‘ರೆಕ್ವಿಯಂ’ ಹೇಳುತ್ತ ಹೋದಂತೆ ಸಾಲಿಯೇರಿ ಬರೆದುಕೊಳ್ಳುವ ದೃಶ್ಯ ಶುದ್ಧ ಕಲ್ಪನೆ. ಆದರೂ ಒಂದೊಂದೇ ದನಿ, ಒಂದೊಂದೇ ವಾದ್ಯ ಸೇರಿ ಸಂಗೀತ ಮೈದಳೆಯುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ಕೇಳಿಸಿದ ಬೇರೆ ದೃಶ್ಯವನ್ನು ನಾನು ಕಂಡಿಲ್ಲ. ಅದೊಂದನ್ನು ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ನೋಡಿ.