ಎಫೆಕ್ಟ್ ಪೆಟ್ಟಿಗೆಯ ಶಕ್ತಿ ಎಲ್ಲಿ ಖರ್ಚಾಗುತ್ತದೆ?

ಲೈನ್ 6 ಕಂಪನಿಯ ಗಿಟಾರ್ ಎಫೆಕ್ಟ್ ಪೆಟ್ಟಿಗೆಗಳಾದ ಹೆಲಿಕ್ಸ್ ಅಥವಾ ಎಚ್‌ಎಕ್ಸ್ ಸ್ಟಾಂಪ್‌ನಲ್ಲಿ ಆಂಪ್, ಡಿಲೇ, ರಿವರ್ಬ್ ಎಂದು ಒಂದೊಂದೇ ಬ್ಲಾಕ್ ಜೋಡಿಸುತ್ತ ಹೋಗುತ್ತೀರಿ. ಒಂದು ಹಂತದಲ್ಲಿ ಪಟ್ಟಿಯ ಕೆಲವು ಹೆಸರುಗಳು ಮಸುಕಾಗುತ್ತವೆ, ಆರಿಸಲು ಬರುವುದಿಲ್ಲ. ಗಾಬರಿ ಬೇಡ. ಪೆಟ್ಟಿಗೆ ಕೆಟ್ಟಿಲ್ಲ, ಅದರ ಡಿಎಸ್‌ಪಿ ತುಂಬಿದೆ ಅಷ್ಟೆ.

ಡಿಎಸ್‌ಪಿ ಅಂದರೆ ಧ್ವನಿಯ ಲೆಕ್ಕ ಮಾಡುವುದಕ್ಕೆಂದೇ ಇರುವ ಚಿಪ್. ಈ ಪೆಟ್ಟಿಗೆಗಳಲ್ಲಿ ಧ್ವನಿ ಸೆಕೆಂಡಿಗೆ 48,000 ಸ್ಯಾಂಪಲ್‌ಗಳಾಗಿ, ಅಂದರೆ ಅಳತೆಯ ತುಣುಕುಗಳಾಗಿ ಹರಿಯುತ್ತದೆ. ಒಂದು ತುಣುಕಿನ ಪಾಲಿಗೆ ಬರುವ ಸಮಯ ಸುಮಾರು 21 ಮೈಕ್ರೊಸೆಕೆಂಡ್. ಸಾಲಿನಲ್ಲಿರುವ ಎಲ್ಲ ಎಫೆಕ್ಟ್‌ಗಳ ಲೆಕ್ಕ ಅಷ್ಟರಲ್ಲಿ ಮುಗಿಯಬೇಕು. ತಡವಾದರೆ ಸದ್ದು ಚಟಚಟ ಎನ್ನುತ್ತದೆ, ಕಡಿದುಹೋಗುತ್ತದೆ. ಹಾಗಾಗಬಾರದೆಂದೇ ಪೆಟ್ಟಿಗೆ ಮೊದಲೇ ತಡೆಯುತ್ತದೆ.

ಬೇಡದ ಎಫೆಕ್ಟನ್ನು ಬೈಪಾಸ್ ಮಾಡಿದರೆ, ಅಂದರೆ ಆಫ್ ಮಾಡಿಟ್ಟರೆ ಸಾಲದೇ? ಸಾಲದು. ಅದು ಮುಂಗಡ ಕೊಟ್ಟು ಗೊತ್ತುಮಾಡಿದ ಛತ್ರದ ಹಾಗೆ, ಖಾಲಿ ಇದ್ದರೂ ಬೇರೆಯವರಿಗೆ ಸಿಗದು. ಹಾಡಿನ ನಡುವೆ ನೀವು ಸ್ವಿಚ್ ತುಳಿದ ಕ್ಷಣವೇ ಎಫೆಕ್ಟ್ ಕೇಳಿಸಬೇಕಲ್ಲ, ಅದಕ್ಕಾಗಿ ಅದರ ಪಾಲಿನ ಶಕ್ತಿ ಸದಾ ಮೀಸಲು. ಸ್ನ್ಯಾಪ್‌ಶಾಟ್, ಅಂದರೆ ಒಂದೇ ಜೋಡಣೆಯಲ್ಲಿ ಯಾವ ಬ್ಲಾಕ್ ಆನ್, ಯಾವುದು ಆಫ್ ಎಂದು ಉಳಿಸಿಟ್ಟ ಸ್ಥಿತಿ, ಬದಲಿಸಿದರೂ ಇದೇ ಕಥೆ. ಜಾಗ ಬೇಕಿದ್ದರೆ ಬ್ಲಾಕನ್ನು ತೆಗೆದೇ ಹಾಕಬೇಕು.

ಬ್ಲಾಕ್‌ಗಳನ್ನು ಎಣಿಸಿದರೂ ಪ್ರಯೋಜನವಿಲ್ಲ. 2020ರ 3.0 ಫರ್ಮ್‌ವೇರ್, ಅಂದರೆ ಪೆಟ್ಟಿಗೆಯೊಳಗಿನ ತಂತ್ರಾಂಶ, ಎಚ್‌ಎಕ್ಸ್ ಸ್ಟಾಂಪ್‌ನ ಮಿತಿಯನ್ನು 6 ಬ್ಲಾಕ್‌ಗಳಿಂದ 8ಕ್ಕೆ ಏರಿಸಿತು. ಚಿಪ್ ಮಾತ್ರ ಹಳೆಯದೇ. ಹಾಗಾಗಿ ಭಾರದ ಬ್ಲಾಕ್‌ಗಳಿದ್ದರೆ ಎಂಟು ತುಂಬುವ ಮೊದಲೇ ಶಕ್ತಿ ಮುಗಿಯುತ್ತದೆ. ಆಂಪ್ ಮಾಡೆಲ್‌ಗಳು ಭಾರ. ತಂತಿಗಳೆಲ್ಲದರ ಶ್ರುತಿಯನ್ನು ಒಟ್ಟಿಗೆ ಬದಲಿಸುವ ಪಾಲಿ ಪಿಚ್ ಎಫೆಕ್ಟ್‌ಗಳು ಬಹಳ ಭಾರ. ಹೊಸ ರಿವರ್ಬ್‌ಗಳೂ ಹಗುರವಲ್ಲ. ಇಕ್ಯೂ, ಸಾದಾ ಡ್ರೈವ್ ಇಂಥವು ಹಗುರ.

ಆದ್ದರಿಂದ ಮೊದಲು ಆಂಪ್ ಆರಿಸಿ, ಉಳಿದದ್ದರಲ್ಲಿ ಮಿಕ್ಕವನ್ನು ಹೊಂದಿಸಿ. ನನ್ನ ಮಟ್ಟಿಗೆ ಮೊದಲು ಕೈಬಿಡಬೇಕಾದ್ದು ಮೋನೊಗಿಂತ ಹೆಚ್ಚು ಶಕ್ತಿ ಬೇಡುವ ಸ್ಟೀರಿಯೊ. ನಮ್ಮ ಊರುಗಳ ವೇದಿಕೆಗಳಲ್ಲಿ ಗಿಟಾರ್ ಹೆಚ್ಚಾಗಿ ಒಂದೇ ಕೇಬಲ್‌ನಲ್ಲಿ ಮಿಕ್ಸರಿಗೆ ಹೋಗುತ್ತದೆ. ಅಲ್ಲಿ ಸ್ಟೀರಿಯೊ ಡಿಲೇಗೆ ಕೊಟ್ಟ ಶಕ್ತಿ ಯಾರ ಕಿವಿಗೂ ಮುಟ್ಟುವುದಿಲ್ಲ. ಮೋನೊ ಬ್ಲಾಕ್ ಸಾಕು. ಮನೆಯಲ್ಲಿ ಸ್ಟೀರಿಯೊ ಬೇಕೇ ಬೇಕೆಂದರೆ ಒಂದು ಎಚ್ಚರ: ಸ್ಟೀರಿಯೊ ಬ್ಲಾಕಿನ ನಂತರ ಮೋನೊ ಬ್ಲಾಕ್ ಇಟ್ಟರೆ ಧ್ವನಿ ಮತ್ತೆ ಮೋನೊ ಆಗುತ್ತದೆ.

ಐಆರ್, ಅಂದರೆ ಸ್ಪೀಕರ್ ಪೆಟ್ಟಿಗೆಯ ನಾದವನ್ನು ಹಿಡಿದಿಟ್ಟ ಫೈಲ್, ಬಳಸುವವರು 2048 ಸ್ಯಾಂಪಲ್ ಬದಲು 1024 ಆರಿಸಬಹುದು. ಉದ್ದ ಸುಮಾರು 43 ಮಿಲಿಸೆಕೆಂಡಿನಿಂದ 21ಕ್ಕೆ ಇಳಿಯುತ್ತದೆ. ಗಿಟಾರ್ ಸ್ಪೀಕರಿನ ಮುಖ್ಯ ನಾದ ಆ ಮೊದಲರ್ಧದಲ್ಲೇ ಇರುತ್ತದೆ. ನಿಜವಾದ ಆಂಪ್‌ಗೇ ಜೋಡಿಸುವುದಾದರೆ ಕ್ಯಾಬ್, ಅಂದರೆ ಸ್ಪೀಕರ್ ಪೆಟ್ಟಿಗೆಯ ಬ್ಲಾಕ್, ಬೇಡವೇ ಬೇಡ, ಪೂರ್ತಿ ಆಂಪ್ ಬದಲು ಪ್ರಿಆಂಪ್ ಸಾಕು. ರಿವರ್ಬ್‌ಗಳ ಪಟ್ಟಿಯಲ್ಲಿ ‘ಲೆಗಸಿ’ ಎಂದು ಬೇರೆಯೇ ಇರುವ ಹಳೆಯವು ಹಗುರ. ತಂಡದ ಸದ್ದಿನ ನಡುವೆ ಅವು ಧಾರಾಳವಾಗಿ ನಡೆಯುತ್ತವೆ.

ದೊಡ್ಡ ಹೆಲಿಕ್ಸ್ ಇದ್ದವರಿಗೆ ಇನ್ನೊಂದು ದಾರಿಯಿದೆ. ಅದರಲ್ಲಿ ಎರಡು ಚಿಪ್, ಎರಡು ಪಾತ್, ಅಂದರೆ ಬ್ಲಾಕ್‌ಗಳ ಸಾಲು. ಪಾತ್ 1 ಒಂದರದು, ಪಾತ್ 2 ಇನ್ನೊಂದರದು. ಎಲ್ಲವನ್ನೂ ಪಾತ್ 1ರಲ್ಲಿ ತುರುಕಿದರೆ ಎರಡನೆಯದು ಸುಮ್ಮನೆ ಕೂತಿರುತ್ತದೆ. ಪಾತ್ 1ರ ಔಟ್‌ಪುಟ್ಟನ್ನು ಪಾತ್ 2ಎಗೆ ತಿರುಗಿಸಿ, ರಿವರ್ಬ್ ಮತ್ತು ಡಿಲೇಗಳನ್ನು ಅಲ್ಲಿಗೆ ಸಾಗಿಸಿ.

ಈ ಯಾವುದಕ್ಕೂ ಹಣ ಬೇಕಿಲ್ಲ. ಕಂಪ್ಯೂಟರಿನಲ್ಲಿ ಜೋಡಣೆ ಮಾಡುವ ಎಚ್‌ಎಕ್ಸ್ ಎಡಿಟ್ ಮತ್ತು ಹೊಸ ಫರ್ಮ್‌ವೇರ್ ಎರಡೂ ಲೈನ್ 6ರ ಜಾಲತಾಣದಲ್ಲಿ ಉಚಿತ. ಫರ್ಮ್‌ವೇರ್ ಹಾಕುವ ಮೊದಲು ಬ್ಯಾಕಪ್ ತೆಗೆದಿಡಿ. ಮನೆಯಲ್ಲಿ ಹಳೆಯ ಓವರ್‌ಡ್ರೈವ್ ಪೆಡಲ್ ಇದ್ದರೆ ಗಿಟಾರ್ ಮತ್ತು ಪೆಟ್ಟಿಗೆಯ ನಡುವೆ ಜೋಡಿಸಿ, ಅದು ಡಿಎಸ್‌ಪಿಯನ್ನು ಮುಟ್ಟುವುದೇ ಇಲ್ಲ.

ಇನ್ನೂ ಕೊಂಡಿಲ್ಲವೇ? ಎರಡು ಆಂಪ್‌ಗಳನ್ನು ಒಟ್ಟಿಗೆ ನುಡಿಸುವ ಆಸೆಯಿದ್ದರೆ ಎರಡು ಚಿಪ್‌ನದನ್ನೇ ನೋಡಿ. ಒಂದು ಆಂಪ್, ನಾಲ್ಕಾರು ಎಫೆಕ್ಟ್ ಸಾಕೆನ್ನುವವರಿಗೆ ಎಚ್‌ಎಕ್ಸ್ ಸ್ಟಾಂಪ್ ಸಾಕು. ಯಾವುದೇ ಆಗಲಿ, ನಿಮಗೆ ಬೇಕಾದ ಅತಿ ಭಾರದ ಜೋಡಣೆಯನ್ನು ಅಂಗಡಿಯಲ್ಲೇ ಮಾಡಿ ನೋಡಿ, ಆಮೇಲೆ ಹಣ ಕೊಡಿ.