ಕೀಲು ಗಟ್ಟಿಯಿದ್ದರೆ ಹಾರಾಟ ನೆಟ್ಟಗೆ

2011ರ ಸೆಪ್ಟೆಂಬರ್ 16ರಂದು ಅಮೆರಿಕದ ನೆವಾಡಾ ರಾಜ್ಯದ ರೀನೊದಲ್ಲಿ ವಿಮಾನಗಳ ರೇಸು ನಡೆದಿತ್ತು. ಎರಡನೇ ಮಹಾಯುದ್ಧದ ಕಾಲದ ಪಿ-51 ಮಸ್ಟಾಂಗ್ ವಿಮಾನವನ್ನು ರೇಸಿಗೆಂದೇ ಮಾರ್ಪಡಿಸಿದ್ದ ‘ಗ್ಯಾಲಪಿಂಗ್ ಗೋಸ್ಟ್’ ಗಂಟೆಗೆ 800 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ನುಗ್ಗುತ್ತಿದ್ದಾಗ ಇದ್ದಕ್ಕಿದ್ದಂತೆ ಮೂತಿಯೆತ್ತಿ ಮೇಲೇರಿತು. ಕ್ಷಣಗಳಲ್ಲೇ ಪ್ರೇಕ್ಷಕರ ಬಳಿ ನೆಲಕ್ಕಪ್ಪಳಿಸಿತು. ಪೈಲಟ್ ಸೇರಿ 11 ಮಂದಿ ಸತ್ತರು. ತನಿಖೆ ಸುತ್ತಿ ಬಳಸಿ ಬಂದು ನಿಂತದ್ದು ಬಾಲದ ಒಂದು ಪುಟ್ಟ ಫಲಕದ ಮುಂದೆ. ಅದನ್ನು ಹಿಡಿದಿದ್ದ ಸ್ಕ್ರೂಗಳ ನಟ್‌ಗಳು ಹಳತಾಗಿ ಹಿಡಿತ ಬಿಟ್ಟಿದ್ದವು. ಸ್ಕ್ರೂ ಸಡಿಲಾಯಿತು, ಫಲಕ ಅದುರಿತು, ಮುರಿಯಿತು.

ಗಾಳಿಗೆ ದೊಡ್ಡ ವಿಮಾನ, ಚಿಕ್ಕ ವಿಮಾನ ಎಂಬ ಭೇದವಿಲ್ಲ. ರೇಡಿಯೊ ರಿಮೋಟ್ ಹಿಡಿದು ಮೈದಾನದಲ್ಲಿ ಹಾರಿಸುವ ಮಾದರಿ ವಿಮಾನಕ್ಕೂ ಇದೇ ನಿಯಮ: ಸಡಿಲಾದ ಫಲಕ ಅದುರುತ್ತದೆ, ಮುರಿಯುತ್ತದೆ. ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳಿಂದ ಹಿಡಿದು ನಿವೃತ್ತ ಎಂಜಿನಿಯರುಗಳವರೆಗೆ ಏರೋಮಾಡೆಲಿಂಗ್ ಹಚ್ಚಿಕೊಂಡವರೆಲ್ಲ ಎಂಜಿನ್, ಬ್ಯಾಟರಿ, ರೆಕ್ಕೆಯ ಆಕಾರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಕೀಲಿನ ಸುದ್ದಿ ಬರುವುದು ಅಪರೂಪ. ಆದರೆ ವಿಮಾನ ಹೇಳಿದ ಮಾತು ಕೇಳುವುದು ಕೀಲಿನ ಮೂಲಕವೇ.

ರೆಕ್ಕೆಯ ಹಿಂಬದಿಯಲ್ಲಿ ಎರಡು ಏಲೆರಾನ್, ಬಾಲದ ಅಡ್ಡಪಟ್ಟಿಯಲ್ಲಿ ಎಲಿವೇಟರ್, ನೆಟ್ಟಗೆ ನಿಂತ ಭಾಗದಲ್ಲಿ ರಡ್ಡರ್. ವಿಮಾನ ಮಗ್ಗುಲಾಗುವುದು, ಏರಿಳಿಯುವುದು, ಎಡಬಲಕ್ಕೆ ತಿರುಗುವುದು ಕೀಲಿನ ಮೇಲೆ ಆಡುವ ಈ ಫಲಕಗಳಿಂದ. ಒಳಗಿರುವ ಸರ್ವೊ ಮೋಟಾರು ತಂತಿಯ ಸರಳಿನಿಂದ ಇವನ್ನು ತಳ್ಳಿ ಎಳೆಯುತ್ತದೆ. ಬಾಗಿಲಿನ ಕೀಲಿನಂತೆಯೇ ಇಲ್ಲಿಯೂ ಎರಡು ಗುಣ ಬೇಕು: ತಿರುಗುವಾಗ ಸಲೀಸು, ಎಳೆದಾಗ ಬಿಗಿ.

ಬಾಲ್ಸಾ ಮರದಿಂದ ಕಟ್ಟಿದ ಸಾಧಾರಣ ಗಾತ್ರದ ಮಾದರಿಗಳಲ್ಲಿ ಹೆಚ್ಚಾಗಿ ಬಳಸುವುದು ‘ಸಿಎ ಹಿಂಜ್’. ಸುಮಾರು 20 ಮಿ.ಮೀ. ಅಗಲ, 25 ಮಿ.ಮೀ. ಉದ್ದದ ತೆಳು ಹಾಳೆ ಅದು. ನಡುವೆ ಬಾಗಿದರೂ ಮುರಿಯದ ಪ್ಲಾಸ್ಟಿಕ್, ಎರಡೂ ಮೈಗೆ ಅಂಟು ಹೀರುವ ನಾರಿನ ಪದರ. ಹೆಸರು ಬಂದದ್ದು ಸಯನೊಅಕ್ರಿಲೇಟ್ ಅಂಟಿನಿಂದ. ಅಂಗಡಿಯಲ್ಲಿ ಸಿಗುವ ಫೆವಿಕ್ವಿಕ್ ಇದೇ ಜಾತಿಯದು. 1942ರಲ್ಲಿ ಕೊಡಾಕ್ ಸಂಸ್ಥೆಯ ಹ್ಯಾರಿ ಕೂವರ್ ತಂಡದ ಕೈಗೆ ಸಿಕ್ಕ ಈ ರಾಸಾಯನಿಕ 1958ರಲ್ಲಿ ಅಂಟಾಗಿ ಮಾರುಕಟ್ಟೆಗೆ ಬಂತು. ತೇವ ತಾಕಿದರೆ ಸಾಕು, ಗಟ್ಟಿಯಾಗುತ್ತದೆ.

ಕೀಲು ಕೂರಿಸುವ ಕೆಲಸ ಶುರುವಾಗುವುದು ಪೆನ್ಸಿಲ್ಲಿನಿಂದ. ರೆಕ್ಕೆ ಮತ್ತು ಫಲಕ ಎರಡರ ಅಂಚಿನಲ್ಲೂ ದಪ್ಪದ ಸರಿಯಾದ ನಡುವೆ ಗೆರೆ ಎಳೆದು, ಕೀಲು ಬರುವ ಜಾಗಗಳನ್ನು ಎದುರುಬದುರಾಗಿ ಗುರುತಿಸಬೇಕು. ಚೂಪಾದ ಸಣ್ಣ ಚಾಕುವಿನಿಂದ ಒಂದೇ ಏಟಿಗೆ ಒತ್ತದೆ, ಹಗುರವಾಗಿ ಹಲವು ಸಲ ಆಡಿಸುತ್ತ ಸೀಳು ಮಾಡಬೇಕು. ಸೀಳು ಓರೆಯಾದರೆ ಫಲಕವೂ ಓರೆ. ಎಲ್ಲ ಕೀಲುಗಳೂ ಒಂದೇ ಸರಳರೇಖೆಯಲ್ಲಿ ಬಾಗದಿದ್ದರೆ ಒಂದು ಇನ್ನೊಂದನ್ನು ತಡೆಯುತ್ತದೆ, ಸರ್ವೊ ಏದುಸಿರು ಬಿಡುತ್ತದೆ.

ಸೀಳಿನ ನಡುವೆ ಎರಡು ಎರಡೂವರೆ ಮಿ.ಮೀ. ದಪ್ಪದ ತೂತು ಕೊರೆಯುವುದು ಅನುಭವಿಗಳ ರೂಢಿ. ಅಂಟು ಆಳಕ್ಕೆ ಇಳಿಯಲು ಅದೇ ದಾರಿ. ಹೊರಹೊದಿಕೆಯ ಪ್ಲಾಸ್ಟಿಕ್ ಪದರವನ್ನು ಸೀಳಿನ ಸುತ್ತ ಕತ್ತರಿಸಿ ತೆಗೆಯದಿದ್ದರೆ ಅಂಟು ಮರಕ್ಕೆ ಇಳಿಯದೆ ಹೊದಿಕೆಯ ಮೇಲೆಯೇ ನಿಲ್ಲುತ್ತದೆ. ಹಾಳೆಯ ನಟ್ಟನಡುವೆ ಗುಂಡುಸೂಜಿ ಚುಚ್ಚಿ, ಸೂಜಿ ತಡೆಯುವವರೆಗೆ ಒಂದು ಬದಿಗೆ ತೂರಿಸಬೇಕು. ಅರ್ಧ ಇತ್ತ, ಅರ್ಧ ಅತ್ತ ಎಂಬುದಕ್ಕೆ ಅದೇ ಖಾತರಿ. ಬಳಿಕ ಫಲಕ ಜೋಡಿಸಿ, ಸೂಜಿ ಕಿತ್ತು, ಎರಡನ್ನೂ ಹತ್ತಿರ ಒತ್ತಿ, ಫಲಕವನ್ನು ಪೂರ್ತಿ ಬಾಗಿಸಿ ನೀರಿನಷ್ಟು ತೆಳುವಾದ ಸಿಎ ಅಂಟನ್ನು ಪ್ರತಿ ಬದಿಗೆ ಐದಾರು ಹನಿ ಬಿಡಬೇಕು. ಅಂಟು ಬೇಗ ಗಟ್ಟಿಯಾಗಲೆಂದು ಸಿಂಪಡಿಸುವ ದ್ರಾವಣ ಇಲ್ಲಿ ಬೇಡವೇ ಬೇಡ; ಒಳಗೆ ಹೀರಿಕೊಳ್ಳುವ ಮೊದಲೇ ಅಂಟು ಸೀಳಿನ ಬಾಯಲ್ಲೇ ಹೆಪ್ಪುಗಟ್ಟುತ್ತದೆ. ಈ ಅಂಟಿನ ಆವಿ ಕಣ್ಣು ಉರಿಸುತ್ತದೆ, ಕಿಟಕಿ ತೆರೆದಿರಲಿ.

ದೊಡ್ಡ, ಭಾರದ ಮಾದರಿಗಳಿಗೆ ಹಾಳೆ ಸಾಲದು. ಅಲ್ಲಿ ಲೋಹದ ಕಡ್ಡಿ ಪೋಣಿಸಿದ ನೈಲಾನ್ ಕೀಲು ಬೇಕು, ಅಂಟು ಎಪಾಕ್ಸಿ. ಕಡ್ಡಿಯ ಬಳಿ ಅಂಟು ಸೇರಿದರೆ ಕೀಲು ಜಾಮ್. ಅದಕ್ಕೇ ಬಲ್ಲವರು ಮೊದಲು ಅಲ್ಲಿ ಚೂರು ವ್ಯಾಸಲೀನ್ ಸವರುತ್ತಾರೆ. ಥರ್ಮೋಕೋಲಿನಂಥ ಫೋಮ್ ವಿಮಾನಗಳಿಗಾದರೆ ಗಟ್ಟಿ ಟೇಪೇ ಕೀಲು.

ಫಲಕದ ಮುಂದಿನ ಅಂಚನ್ನು ಓರೆಯಾಗಿ ಉಜ್ಜದಿದ್ದರೆ ಅದು ರೆಕ್ಕೆಗೆ ತಗಲಿ ಪೂರ್ತಿ ಬಾಗುವುದಿಲ್ಲ. ಹಾಗೆಂದು ನಡುವೆ ಜಾಗ ಬಿಡುವುದೂ ತಪ್ಪು. ಸಂದು ಒಂದು ಮಿ.ಮೀ.ಗಿಂತ ಕಡಿಮೆ ಇರಬೇಕು. ಅಗಲವಾದರೆ ರೆಕ್ಕೆಯಡಿಯ ಹೆಚ್ಚಿನ ಒತ್ತಡದ ಗಾಳಿ ಸಂದಿನಿಂದ ಮೇಲಕ್ಕೆ ನುಸುಳಿ ಫಲಕದ ಶಕ್ತಿ ಕುಂದುತ್ತದೆ. ಇದರ ಜೊತೆಗೆ ಕೀಲೋ ಸರಳೋ ಸಡಿಲಿದ್ದರೆ ಬರುವುದೇ ‘ಫ್ಲಟರ್’: ಫಲಕ ಅದುರುತ್ತದೆ, ಗಾಳಿ ಆ ಅದುರಾಟಕ್ಕೆ ಬಲ ತುಂಬುತ್ತದೆ, ಅದುರಾಟ ಕ್ಷಣಕ್ಷಣಕ್ಕೂ ಏರುತ್ತದೆ. ನೆಲದಲ್ಲಿ ನಿಂತವರಿಗೆ ಜೇನು ಮೊರೆದಂಥ ಸದ್ದು ಕೇಳಿಸುತ್ತದೆ. ಕೇಳಿದೊಡನೆ ಥ್ರಾಟಲ್ ಇಳಿಸಿ ವಿಮಾನ ಇಳಿಸಬೇಕು. ತಡಮಾಡಿದರೆ ಫಲಕವೇ ಕಿತ್ತುಹೋಗಬಹುದು.

ಅಂಟು ಒಣಗಿದ ಮೇಲೆ ಪ್ರತಿ ಕೀಲಿನ ಬಳಿಯೂ ಫಲಕ ಹಿಡಿದು ಜಗ್ಗಿ ನೋಡಬೇಕು, ಅದೂ ಸ್ವಲ್ಪ ಜೋರಾಗಿಯೇ. ಕಿತ್ತು ಬರುವಂತಿದ್ದರೆ ಕೈಯಲ್ಲೇ ಬರಲಿ, ಮತ್ತೆ ಅಂಟಿಸಬಹುದು. ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರು ಪ್ರತಿ ಹಾರಾಟಕ್ಕೆ ಮುನ್ನ ಈ ಪರೀಕ್ಷೆ ತಪ್ಪಿಸದಿರಲಿ. ಅದಕ್ಕೆ ಹಿಡಿಯುವುದು ಒಂದು ನಿಮಿಷ, ಖರ್ಚು ಸೊನ್ನೆ.